ಒಣಗುವ ಬಟ್ಟೆ, ಬಾಗುವ ಬಟ್ಟೆ: ಕೊಡಗಿನ ದಿನನಿತ್ಯಕ್ಕೆ ಆರಾಮದ ಉಡುಪು

ಎರಡು ವರ್ಷದ ಹಿಂದೆ, ಜುಲೈ ತಿಂಗಳಲ್ಲಿ, ಬಳ್ಳಾರಿ ಕಡೆಯಿಂದ ಮಡಿಕೇರಿಗೆ ವರ್ಗವಾಗಿ ಬಂದಿದ್ದ ಶಿಕ್ಷಕಿಯೊಬ್ಬರು ನನ್ನ ಹೊಲಿಗೆ ಅಂಗಡಿಯ ಮೇಜಿನ ಮೇಲೆ ಒಂದು ಚೀಲ ಬಟ್ಟೆ ಸುರಿದರು. “ಅಕ್ಕಾ, ಇವೆಲ್ಲ ಬಿಗಿಯಾಗಿವೆ. ಸ್ವಲ್ಪ ಬಿಚ್ಚಿ ಸಡಿಲ ಮಾಡಿಕೊಡಿ. ಇಡೀ ದಿನ ಮೈಗೆ ಅಂಟಿಕೊಂಡು ಪ್ರಾಣ ಹಿಂಡುತ್ತವೆ” ಎಂದರು. ಟೇಪು ಕೈಗೆತ್ತಿಕೊಳ್ಳುವ ಮೊದಲೇ ಮೂಗಿಗೆ ಕಾರಣ ತಿಳಿಯಿತು. ಅಳತೆಯಲ್ಲಿ ತಪ್ಪಿರಲಿಲ್ಲ. ಬಟ್ಟೆ ಪೂರ್ತಿ ಒಣಗಿರಲಿಲ್ಲ, ಅಷ್ಟೇ. ದಪ್ಪ ಹತ್ತಿಯ ಕುರ್ತಾ, ಅದಕ್ಕೆ ಅಸ್ತರು, ಕೆಳಗೆ ಜೀನ್ಸ್.

ಸಡಿಲವಾಗಿದ್ದರೆ ಆರಾಮ ಎಂಬ ನಂಬಿಕೆ ಬಯಲು ಸೀಮೆಗೆ ಹೊಂದುತ್ತದೆ. ಅಲ್ಲಿ ಬೆವರು ಆರಿದರೆ ಸಾಕು. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಆರುವುದಿಲ್ಲ. ಸಡಿಲವಾಗಿ ಹೊಲಿಸಿದ ದಪ್ಪ ಬಟ್ಟೆ ಬಿಗಿಯಾದದ್ದಕ್ಕಿಂತ ಹೆಚ್ಚು ನೀರು ಹೊತ್ತುಕೊಂಡು ಮೊಣಕಾಲಿಗೆ ಬಡಿಯುತ್ತಿರುತ್ತದೆ. ಹಾಗಾಗಿ ಇಲ್ಲಿ ಬಟ್ಟೆ ಕೊಳ್ಳುವಾಗಲೂ ಹೊಲಿಸುವಾಗಲೂ ನಾನು ಕೇಳಿಕೊಳ್ಳುವ ಪ್ರಶ್ನೆ ಎರಡೇ. ಒಗೆದು ಹಾಕಿದರೆ ಯಾವಾಗ ಒಣಗುತ್ತದೆ? ತೊಟ್ಟು ಕುಕ್ಕರಗಾಲಿನಲ್ಲಿ ಕೂತರೆ ಎಲ್ಲಿ ಎಳೆಯುತ್ತದೆ? ಬಣ್ಣ, ಕತ್ತಿನ ವಿನ್ಯಾಸ, ಗುಂಡಿ ಎಲ್ಲ ಆಮೇಲೆ.

ಮೊದಲ ಹಂತ: ಬೀರು ಖಾಲಿ ಮಾಡಿ

ದಿನಕ್ಕೆ ತೊಡುವ ಬಟ್ಟೆಗಳನ್ನೆಲ್ಲ ಹಾಸಿಗೆಯ ಮೇಲೆ ಹಾಕಿ ಮೂರು ರಾಶಿ ಮಾಡಿ. ಮಳೆಗಾಲದಲ್ಲಿ ಬೆಳಿಗ್ಗೆ ಒಗೆದರೆ ಸಂಜೆಗೋ ಮರುದಿನವೋ ಒಣಗುವಂಥವು ಒಂದು ರಾಶಿ. ಎರಡು ಮೂರು ದಿನ ಹಿಡಿಯುವವು ಇನ್ನೊಂದು. ನಾಲ್ಕನೆಯ ದಿನವೂ ಸೊಂಟಪಟ್ಟಿ ತಣ್ಣಗಿರುವವು ಮೂರನೆಯದು. ನೆನಪಿಲ್ಲದಿದ್ದರೆ ಬಟ್ಟೆಯ ಹೊಲಿಗೆಗಳನ್ನು ಮುಟ್ಟಿ ನೋಡಿ. ನೀರು ಕೊನೆಗೆ ನಿಲ್ಲುವುದು ಬಟ್ಟೆ ಮಡಚಿ ಹೊಲಿದ ಕಡೆಯಲ್ಲಿ: ಕಾಲರು, ಸೊಂಟಪಟ್ಟಿ, ಕಿಸೆಯ ಮೂಲೆ. ಮಡಿಕೆ ಹೆಚ್ಚಿದಷ್ಟೂ ಒಣಗುವುದು ತಡ.

ಮೂರನೆಯ ರಾಶಿಯನ್ನು ಎಸೆಯಬೇಡಿ. ಅದನ್ನು ಡಿಸೆಂಬರ್‌ನಿಂದ ಮೇವರೆಗೆ ಎಂದು ಬೇರೆ ಎತ್ತಿಡಿ. ನನ್ನ ಜೀನ್ಸ್ ಕೂಡ ಅಲ್ಲೇ ಇದೆ. ಜೀನ್ಸ್ ಹುಟ್ಟಿದ್ದೇ ಒಣ ನಾಡಿನಲ್ಲಿ. ಅಮೆರಿಕದ ನೆವಾಡಾದ ರೀನೋ ಊರಿನ ದರ್ಜಿ ಜೇಕಬ್ ಡೇವಿಸ್, ದುಡಿಯುವವರ ಪ್ಯಾಂಟಿನ ಕಿಸೆ ಹರಿಯದಿರಲೆಂದು ಮೂಲೆಗಳಿಗೆ ತಾಮ್ರದ ಮೊಳೆ ಹೊಡೆದ. 1873ರಲ್ಲಿ ಲೀವೈ ಸ್ಟ್ರಾಸ್ ಜೊತೆ ಅದಕ್ಕೆ ಪೇಟೆಂಟ್ ಪಡೆದ. ದರ್ಜಿಯ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಆ ಪುಣ್ಯಾತ್ಮ ಭಾಗಮಂಡಲದ ಮಳೆ ನೋಡಿರಲಿಲ್ಲ.

ಎರಡನೆಯ ಹಂತ: ನೂಲು ಗುರುತಿಸಿ

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ.

ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ 7ರಿಂದ 8ರಷ್ಟು ತೇವವನ್ನು ಒಳಗೇ ಇಟ್ಟುಕೊಂಡಿರುತ್ತದೆ. ಉಣ್ಣೆ ಶೇ 16ರ ಸುಮಾರು. ಪಾಲಿಯೆಸ್ಟರ್ ಶೇ 0.4 ಮಾತ್ರ. ಈ ಮೂರು ಅಂಕಿಗಳಲ್ಲಿ ಕೊಡಗಿನ ಬಟ್ಟೆಯ ಕಥೆಯೆಲ್ಲ ಇದೆ. ಹತ್ತಿ ಬೆವರು ಹೀರುವುದರಿಂದ ಮೈಗೆ ಹಿತ; ಆದರೆ ಹೀರಿದ್ದನ್ನು ಬೇಗ ಬಿಡುವುದಿಲ್ಲ. ಪಾಲಿಯೆಸ್ಟರ್ ಏನನ್ನೂ ಹೀರದ ಕಾರಣ ಬೇಗ ಒಣಗುತ್ತದೆ. ಅದೇ ಕಾರಣಕ್ಕೆ ಬೆವರು ಮೈಮೇಲೆ ಉಳಿಯುತ್ತದೆ, ಎರಡು ದಿನದಲ್ಲಿ ಕಂಕುಳಿನಲ್ಲಿ ವಾಸನೆ ನೆಲೆಸುತ್ತದೆ. ಉಣ್ಣೆ ಸಾಕಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆಯೆನಿಸುವುದಿಲ್ಲ, ಬೆಚ್ಚಗೂ ಇಡುತ್ತದೆ. ಗದ್ದೆ ಕೆಲಸಕ್ಕೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದ ಹಿರಿಯರಿಗೆ ಈ ಅಂಕಿಗಳು ಬೇಕಿರಲಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮಳೆಗಾಲದ ಕುರ್ತಾ, ಅಂಗಿಗಳಿಗೆ ನನ್ನ ಮೊದಲ ಆಯ್ಕೆ ತೆಳು ಹತ್ತಿ: ಮಲ್ಲು, ವಾಯಿಲು, ತೆಳುವಾದ ಕೈಮಗ್ಗದ ಬಟ್ಟೆ. ಅಸ್ತರು ಹಾಕಿಸಬೇಡಿ. ಪಾರದರ್ಶಕ ಎನಿಸಿದರೆ ಒಳಗೆ ತೆಳು ಶಮೀಜು ಬೇರೆಯಾಗಿ ತೊಡಿ. ಎರಡು ತೆಳು ಬಟ್ಟೆ ಬೇರೆ ಬೇರೆಯಾಗಿ ಒಣಗುತ್ತವೆ, ಕೂಡಿಸಿ ಹೊಲಿದರೆ ಒಣಗುವುದಿಲ್ಲ. ಪ್ಯಾಂಟಿಗೆ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆಸಿದ ಬಟ್ಟೆ ಒಳ್ಳೆಯದು. ಶುದ್ಧ ಹತ್ತಿಯೇ ಶ್ರೇಷ್ಠ ಎನ್ನುವವರು ಆಗಸ್ಟ್‌ನಲ್ಲಿ ಶುದ್ಧ ಹತ್ತಿಯ ಪ್ಯಾಂಟು ತೊಟ್ಟು ನಾಪೋಕ್ಲು ಬಸ್ಸಿನಲ್ಲಿ ಒಮ್ಮೆ ನಿಂತು ಬರಲಿ. ರೇಯಾನ್ ತೊಡಲು ನುಣುಪು, ಜೋತು ಬೀಳುವ ಅಂದವೂ ಇದೆ. ಆದರೆ ಒದ್ದೆಯಾದಾಗ ಅದರ ಬಲ ಕುಗ್ಗುತ್ತದೆ, ಬಲವಾಗಿ ಹಿಂಡಿದರೆ ಆಕಾರ ಕೆಡುತ್ತದೆ.

ತೂಕವನ್ನೂ ನೋಡಿ. ಬಟ್ಟೆ ಎಷ್ಟು ದಪ್ಪ ಎಂಬುದನ್ನು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಅಳೆಯುತ್ತಾರೆ. ಸಾಮಾನ್ಯ ಟೀ ಶರ್ಟ್ 150ರಿಂದ 180 ಗ್ರಾಂ ಇರುತ್ತದೆ, ಗಟ್ಟಿ ಜೀನ್ಸ್ 400ರ ಆಸುಪಾಸು. ಮಳೆಗಾಲಕ್ಕೆ 200 ದಾಟಿದ ಬಟ್ಟೆಯನ್ನು ನಾನು ಯಾರಿಗೂ ಹೊಲಿದುಕೊಡಲು ಇಷ್ಟಪಡುವುದಿಲ್ಲ.

ಅಂಗಡಿಯವರು ಹತ್ತಿ ಎಂದಿದ್ದೆಲ್ಲ ಹತ್ತಿಯಲ್ಲ. ನಾನೇ ಒಮ್ಮೆ ಪೇಟೆಯ ಅಂಗಡಿಯೊಂದರಲ್ಲಿ “ಪ್ಯೂರ್ ಕಾಟನ್” ಎಂದು ಹತ್ತು ಮೀಟರ್ ತಂದು, ಇಸ್ತ್ರಿ ಇಟ್ಟ ಕೂಡಲೇ ಅದು ಸುಕ್ಕುಗಟ್ಟಿ ಅಂಟಿಕೊಂಡದ್ದನ್ನು ನೋಡಿ ಕೂತಿದ್ದೆ. ಅಂದಿನಿಂದ ಅಂಚಿನ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ತಾನಾಗಿ ಆರುತ್ತದೆ. ಪಾಲಿಯೆಸ್ಟರ್ ಕರಗಿ, ತಣಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಬೂದಿಯೂ ಮಣಿಯೂ ಎರಡೂ ಕಂಡರೆ ಬೆರಕೆ.

ಮೂರನೆಯ ಹಂತ: ಕೂತು ಅಳತೆ ಕೊಡಿ

ಎಲ್ಲ ದರ್ಜಿಗಳೂ ನಿಲ್ಲಿಸಿ ಅಳತೆ ತೆಗೆಯುತ್ತಾರೆ. ನಾವು ದಿನದ ಅರ್ಧ ಭಾಗ ಕೂತಿರುತ್ತೇವೆ, ಉಳಿದರ್ಧದಲ್ಲಿ ಏರು ಹತ್ತುತ್ತಿರುತ್ತೇವೆ. ಕೂತಾಗ ಸೀಟಿನ ಸುತ್ತಳತೆ ನಿಂತಾಗಿನದಕ್ಕಿಂತ ಒಂದೆರಡು ಇಂಚು ಹಿಗ್ಗುತ್ತದೆ. ಆದ್ದರಿಂದ ನಿಂತು ಒಂದು, ಕುರ್ಚಿಯಲ್ಲಿ ಕೂತು ಇನ್ನೊಂದು ಅಳತೆ ತೆಗೆಯಲು ಹೇಳಿ. ದರ್ಜಿ ನಕ್ಕರೆ ನಗಲಿ.

ನಾನು ಬಿಡುವ ಸಡಿಲ ಹೀಗಿದೆ. ಕುರ್ತಾಕ್ಕೆ ಎದೆಯ ಸುತ್ತಳತೆಯ ಮೇಲೆ 4 ಇಂಚು. ಪ್ಯಾಂಟಿಗೆ ಕೂತ ಅಳತೆಯ ಮೇಲೆ 3 ಇಂಚು. ಇದಕ್ಕಿಂತ ಹೆಚ್ಚು ಬಿಟ್ಟರೆ ಸೊಗಸೂ ಕೆಡುತ್ತದೆ, ಒಣಗಬೇಕಾದ ಬಟ್ಟೆಯೂ ಹೆಚ್ಚುತ್ತದೆ. ಸೊಂಟಕ್ಕೆ ಮುಂದೆ ಚಪ್ಪಟೆ ಪಟ್ಟಿ, ಹಿಂದೆ ಎಲಾಸ್ಟಿಕ್, ಒಳಗೊಂದು ಲಾಡಿ. ಹೊರಗಿನಿಂದ ನೋಡುವವರಿಗೆ ಕಚೇರಿಯ ಪ್ಯಾಂಟು, ಊಟವಾದ ಮೇಲೆ ಪೈಜಾಮ.

ಕಂಕುಳಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಆರಾಮಕ್ಕೆಂದು ಕಂಕುಳನ್ನು ಆಳವಾಗಿ ಇಳಿಸಲು ಹೇಳುತ್ತಾರೆ. ಹಾಗೆ ಇಳಿಸಿದ ಕುರ್ತಾ ತೊಟ್ಟು ಬಸ್ಸಿನ ಸರಳು ಹಿಡಿಯಲು ಕೈ ಎತ್ತಿ ನೋಡಿ, ಇಡೀ ಕುರ್ತಾ ಸೊಂಟದವರೆಗೆ ಎದ್ದು ಬರುತ್ತದೆ. ಕಂಕುಳು ಮೈಗೆ ಹತ್ತಿರವಿದ್ದು ತೋಳು ಅಗಲವಾಗಿದ್ದರೆ ಕೈ ಮಾತ್ರ ಏಳುತ್ತದೆ, ಬಟ್ಟೆ ನಿಂತಲ್ಲೇ ನಿಲ್ಲುತ್ತದೆ. ಕಾಫಿ ಕುಯ್ಯುವವರಿಗೆ, ಕರಿಮೆಣಸಿನ ಬಳ್ಳಿಗೆ ಕೈ ಚಾಚುವವರಿಗೆ ಕಂಕುಳಿನಲ್ಲಿ ಮೂರಿಂಚಿನ ಚೌಕ ತುಂಡೊಂದನ್ನು ಜೋಡಿಸಿಕೊಡುತ್ತೇನೆ. ಅಂಥ ಅಂಗಿ ಕಂಕುಳಲ್ಲಿ ಹರಿದು ರಿಪೇರಿಗೆ ಬಂದದ್ದು ನನಗೆ ನೆನಪಿಲ್ಲ.

ಪ್ಯಾಂಟಿನ ಉದ್ದ ಹರಡಿನ ಗಂಟಿಗಿಂತ ಎರಡು ಇಂಚು ಮೇಲೆ ನಿಲ್ಲಲಿ, ಕೆಸರಿಗೆ ಸಿಗುವುದಿಲ್ಲ. ಕುರ್ತಾದ ಪಕ್ಕದ ಸೀಳು ಸೊಂಟದ ಹತ್ತಿರದಿಂದಲೇ ಆರಂಭವಾಗಲಿ. ಸ್ಕೂಟರ್ ಏರುವವರಿಗೆ ಇದು ಬೇಕೇ ಬೇಕು. ಎರಡೂ ಕಡೆ ಕಿಸೆ. ಹೆಂಗಸರ ಬಟ್ಟೆಗೆ ಕಿಸೆ ಯಾಕೆ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನು ನಿಲ್ಲಿಸಿದ್ದೇನೆ. ಹೊಸ ಹತ್ತಿ ಬಟ್ಟೆಯನ್ನು ಕತ್ತರಿಸುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ, ಮೊದಲ ಒಗೆತದಲ್ಲಿ ಶೇ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ.

ಅಂದ ಹಾಗೆ, ಬೆಟ್ಟದ ನಾಡಿನಲ್ಲಿ ನಡೆಯಲು ಹೇಗೆ ಉಡಬೇಕು ಎಂಬ ಪ್ರಶ್ನೆಗೆ ಕೊಡಗಿನ ಹೆಂಗಸರು ಎಂದೋ ಉತ್ತರ ಕಂಡುಕೊಂಡಿದ್ದಾರೆ. ಕೊಡವ ಸೀರೆಯಲ್ಲಿ ನೆರಿಗೆ ಹಿಂದಕ್ಕೆ. ಕೊಡಗಿನ ಬಲಮುರಿಯಲ್ಲಿ ಕಾವೇರಿ ನದಿಯಾಗಿ ರಭಸದಿಂದ ಹರಿದಾಗ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು ಎಂದು ಐತಿಹ್ಯ. ದರ್ಜಿಯ ಕಣ್ಣಿಗೆ ಕಾಣುವುದು ಬೇರೆ: ಮುಂದೆ ನೆರಿಗೆಯ ರಾಶಿ ಇಲ್ಲದಿದ್ದರೆ ಏರು ಹತ್ತುವಾಗ ಕಾಲಿಗೆ ಸಿಕ್ಕುವುದಿಲ್ಲ, ಭುಜಕ್ಕೆ ಸೆರಗು ಬಿಗಿದು ನಿಂತರೆ ಎರಡೂ ಕೈ ಬಿಡುವಾಗಿರುತ್ತವೆ. ಗಂಡಸರ ಕುಪ್ಯವೂ ಹಾಗೆಯೇ. ಮುಂದೆ ತೆರೆದ, ಮೊಣಕಾಲಿನವರೆಗಿನ ನಿಲುವಂಗಿ, ಸೊಂಟಕ್ಕೆ ಚೇಲೆ ಎಂಬ ನಡುಪಟ್ಟಿ ಬಿಗಿದರೆ ಮುಗಿಯಿತು. ಇಂದು ಇವು ಮದುವೆ, ಸುಗ್ಗಿಯ ಹಬ್ಬ ಪುತ್ತರಿಯಂಥ ದಿನಗಳ ಉಡುಪು. ಆದರೆ ಅವುಗಳ ಕಟ್ಟಿನಲ್ಲಿರುವ ಜಾಣತನವನ್ನು ದಿನನಿತ್ಯಕ್ಕೆ ಎರವಲು ಪಡೆದರೆ ತಪ್ಪೇನಿಲ್ಲ.

ನಾಲ್ಕನೆಯ ಹಂತ: ಪದರ ಪದರವಾಗಿ ತೊಡಿ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಕುಶಾಲನಗರ 830ರ ಸುಮಾರು. ಮೂವತ್ತು ಕಿಲೋಮೀಟರ್ ಇಳಿಯುವಷ್ಟರಲ್ಲಿ ಎತ್ತರದ ಲೆಕ್ಕದಿಂದಲೇ ಎರಡು ಡಿಗ್ರಿ ಸೆಕೆ ಏರುತ್ತದೆ, ಮೋಡ ಸರಿದು ಬಿಸಿಲು ಬಿದ್ದರೆ ಇನ್ನೂ ಹೆಚ್ಚು. ಬೆಳಿಗ್ಗೆ ಮಡಿಕೇರಿಯಲ್ಲಿ ದಪ್ಪ ಜಾಕೆಟ್ ತೊಟ್ಟು ಹೊರಟವರು ಮಧ್ಯಾಹ್ನ ಕುಶಾಲನಗರದಲ್ಲಿ ಅದನ್ನು ಕೈಯಲ್ಲಿ ಹಿಡಿದು ತಿರುಗುವುದನ್ನು ದಿನವೂ ನೋಡಬಹುದು. ಒಂದು ದಪ್ಪದ ಬದಲು ಮೂರು ತೆಳು ತೊಡಿ: ಮೈಗೆ ತೆಳು ಹತ್ತಿ, ಅದರ ಮೇಲೆ ಗುಂಡಿ ಬಿಚ್ಚಿ ತೆಗೆಯಬಹುದಾದ ಅಂಗಿ ಅಥವಾ ತೆಳು ಸ್ವೆಟರ್, ಗಾಳಿಗೆ ಒಂದು ತೆಳು ಜಾಕೆಟ್. ತಲೆಯ ಮೇಲಿಂದ ಎಳೆದು ತೊಡುವ ಸ್ವೆಟರಿಗಿಂತ ಮುಂದೆ ತೆರೆಯುವ ಸ್ವೆಟರ್ ಬಸ್ಸಿನಲ್ಲಿ ಕೂತಲ್ಲೇ ಬಿಚ್ಚಲು ಸುಲಭ.

ಸ್ವೆಟರಿಗೆ ನಮ್ಮವರು ಹೋಗುವುದು ಬೈಲಕುಪ್ಪೆಗೆ. 1960ರ ದಶಕದ ಆರಂಭದಲ್ಲಿ ಅಲ್ಲಿ ನೆಲೆಸಿದ ಟಿಬೆಟನ್ನರ ಅಂಗಡಿಗಳಲ್ಲಿ ಅಗ್ಗದಿಂದ ಹಿಡಿದು ದುಬಾರಿಯವರೆಗೆ ಸಿಗುತ್ತದೆ. ಅಗ್ಗದವು ಹೆಚ್ಚಾಗಿ ಅಕ್ರಿಲಿಕ್. ಅದರಲ್ಲಿ ಮೋಸವೇನಿಲ್ಲ, ಹಗುರ, ಬೇಗ ಒಣಗುತ್ತದೆ. ಉಜ್ಜುವ ಕಡೆ ಉಂಡೆ ಉಂಡೆ ಏಳುತ್ತದೆ, ಅಷ್ಟೇ. ಉಣ್ಣೆಯ ಬೆಲೆ ಕೊಡುವಾಗ ಮಾತ್ರ ನೂಲಿನ ಹೆಸರಿರುವ ಚೀಟಿಯನ್ನು ಓದಿ.

ತೋಟದ ಕೆಲಸಕ್ಕೆ ಹೋಗುವ ಹೆಂಗಸರನ್ನು ಗಮನಿಸಿ. ಸೀರೆಯ ಅಥವಾ ನೈಟಿಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ, ತಲೆಗೆ ವಸ್ತ್ರ. ಸೊಳ್ಳೆ, ಗಿಡದ ಕೊಂಬೆ, ಬೆಳಗಿನ ಇಬ್ಬನಿ, ಮಧ್ಯಾಹ್ನದ ಬಿಸಿಲು ಎಲ್ಲಕ್ಕೂ ಆ ಒಂದು ಅಂಗಿ ಸಾಕಾಗುತ್ತದೆ. ಪದರವಾಗಿ ತೊಡುವ ಪಾಠವನ್ನು ನಾನು ಅವರಿಂದಲೇ ಕಲಿತದ್ದು.

ಐದನೆಯ ಹಂತ: ಮಳೆ, ಕೆಸರು, ಜಿಗಣೆ

ಸ್ಕೂಟರ್‌ನವರಿಗೆ ಅಂಗಿ ಮತ್ತು ಪ್ಯಾಂಟು ಬೇರೆ ಬೇರೆಯಾದ ಮಳೆಕೋಟು. ನಡೆಯುವವರಿಗೆ ಕೊಡೆಯೊಂದಿಗೆ ಮೊಣಕಾಲುದ್ದದ ಕೋಟು. ಕೊಳ್ಳುವಾಗ ಒಳಮೈ ತಿರುಗಿಸಿ, ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿದೆಯೇ ನೋಡಿ. ಇಲ್ಲದಿದ್ದರೆ ಸೂಜಿಯ ಒಂದೊಂದು ತೂತಿನಿಂದಲೂ ನೀರು ಇಳಿಯುತ್ತದೆ. ಕೋಟು ಒಂದು ಅಳತೆ ದೊಡ್ಡದಿರಲಿ. ದುಪಟ್ಟಾ ಸ್ಕೂಟರ್‌ನಲ್ಲಿ ಬೇಡವೇ ಬೇಡ. ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೆ ಅಪಾಯ.

ಕಾಲಿಗೆ ತೋಟದಲ್ಲಿ ಗಂಬೂಟು, ಪೇಟೆಯಲ್ಲಿ ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ. ಪಟ್ಟಿಯಿಲ್ಲದ ಹವಾಯಿ ಚಪ್ಪಲಿ ನಡೆಯುವಾಗ ಕೆಸರನ್ನು ಬೆನ್ನಿನವರೆಗೆ ಚಿಮ್ಮಿಸುತ್ತದೆ. ಬಟ್ಟೆಯ ಬೂಟು ಜೂನ್‌ನಲ್ಲಿ ಒಮ್ಮೆ ನೆನೆದರೆ ಸೆಪ್ಟೆಂಬರ್‌ವರೆಗೆ ವಾಸನೆ ಬಿಡುವುದಿಲ್ಲ. ಜಿಗಣೆಯಿರುವ ದಾರಿಯಲ್ಲಿ ಮೊಣಕಾಲಿನವರೆಗಿನ, ಒತ್ತಾಗಿ ನೇಯ್ದ, ತಿಳಿ ಬಣ್ಣದ ಕಾಲುಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ಸೇರಿಸಿ. ತಿಳಿ ಬಣ್ಣ ಯಾಕೆಂದರೆ ಹತ್ತುತ್ತಿರುವ ಜಿಗಣೆ ಕಣ್ಣಿಗೆ ಬೀಳಬೇಕು. ಕಚ್ಚಿದರೆ ಅದು ಬಿಡುವ ಹಿರುಡಿನ್‌ನಂಥ ವಸ್ತುವಿನಿಂದ ರಕ್ತ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಚಿಕ್ಕ ಗಾಯವೂ ಬಹಳ ಹೊತ್ತು ಒಸರುತ್ತದೆ. ಆ ಕಲೆಯನ್ನು ತಣ್ಣೀರಿನಲ್ಲೇ ಒಗೆಯಿರಿ. ಬಿಸಿನೀರು ಹಾಕಿದರೆ ಕಲೆ ಬಟ್ಟೆಯಲ್ಲಿ ಬೆಂದು ಕೂತುಬಿಡುತ್ತದೆ. ಕೆಂಪು ಮಣ್ಣಿನ ಕೆಸರಿಗೆ ಇದಕ್ಕೆ ವಿರುದ್ಧವಾದ ತಾಳ್ಮೆ ಬೇಕು: ಒದ್ದೆಯಿದ್ದಾಗ ಉಜ್ಜಬೇಡಿ, ಒಣಗಿದ ಮೇಲೆ ಬ್ರಷ್ಷಿನಿಂದ ಕೊಡವಿ ಆಮೇಲೆ ಒಗೆಯಿರಿ.

ಆರನೆಯ ಹಂತ: ಆರಾಮವೂ ಇರಲಿ, ಅಚ್ಚುಕಟ್ಟೂ ಇರಲಿ

ಮೇಲೆ ಸಡಿಲವಾದರೆ ಕೆಳಗೆ ನೇರ, ಕೆಳಗೆ ಅಗಲವಾದರೆ ಮೇಲೆ ಮೈಗೆ ಹತ್ತಿರ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಕೂರಬೇಕು. ಉಳಿದ ಕಡೆ ಎಷ್ಟು ಸಡಿಲವಿದ್ದರೂ ಭುಜ ಸರಿಯಿದ್ದರೆ ನಿಮ್ಮದೇ ಬಟ್ಟೆ ಎನಿಸುತ್ತದೆ, ಅದು ಜಾರಿದರೆ ಅಣ್ಣನದ್ದು ಎನಿಸುತ್ತದೆ. ಬಣ್ಣದಲ್ಲಿ ಕೆಸರನ್ನು ಎದುರು ಹಾಕಿಕೊಳ್ಳಬೇಡಿ. ಪ್ಯಾಂಟಿಗೆ ಕಾಫಿ ಬೀಜದ ಕಂದು, ಕಡು ನೀಲಿ, ಪಾಚಿ ಹಸಿರು. ಮೇಲಂಗಿಗೆ ಬೇಕಾದ ಬಣ್ಣ. ಮಂಜು ಕವಿದ ದಿನ ರಸ್ತೆಯಲ್ಲಿ ನಡೆಯುವವರು ಹಳದಿಯೋ ಕಿತ್ತಳೆಯೋ ತೊಟ್ಟರೆ ಚಾಲಕರಿಗೂ ಕಾಣುತ್ತಾರೆ.

ಮನೆಯೊಳಗಿನ ಆರಾಮಕ್ಕೆ ಗಂಡಸರಿಗೆ ಲುಂಗಿಯನ್ನು ಮೀರಿಸುವಂಥದ್ದಿಲ್ಲ. ಒಂದೇ ಪದರ, ಹೊಲಿಗೆ ಇಲ್ಲವೆಂಬಷ್ಟು, ಬೇಗ ಒಣಗುತ್ತದೆ. ಹೆಂಗಸರಿಗೆ ನೈಟಿ. ನಕ್ಕರೂ ಸರಿ, ಒಪ್ಪಿಕೊಳ್ಳಲೇಬೇಕಾದ ಮಾತು. ಅದಕ್ಕೆ ಕಿಸೆಯೊಂದು, ಅಂಗಿಯಂಥ ಕಾಲರೊಂದು ಹಾಕಿಸಿ, ನೆರಿಗೆ ಕಡಿಮೆ ಮಾಡಿಸಿದರೆ ಹೆಗಲಿಗೆ ಟವೆಲ್ ಹಾಕಿಕೊಳ್ಳದೆಯೇ ಹಾಲಿನವನಿಗೆ ಬಾಗಿಲು ತೆಗೆಯಬಹುದು.

ಕೊನೆಯ ಹಂತ: ಲೆಕ್ಕ, ಒಗೆತ, ಒಣಗಿಸುವುದು

ಎಷ್ಟು ಜೊತೆ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಒಣಗಲು ಹಿಡಿಯುವ ದಿನಗಳಿಗೆ ಎರಡು ಕೂಡಿಸಿ. ಮೂರು ದಿನ ಹಿಡಿದರೆ ಐದು ಜೊತೆ: ಮೈಮೇಲೆ ಒಂದು, ಹಗ್ಗದ ಮೇಲೆ ಮೂರು, ಅಕಸ್ಮಾತ್ ನೆನೆದರೆ ಒಂದು. ಒಂದೇ ದಿನದಲ್ಲಿ ಒಣಗುವ ಬಟ್ಟೆಯಾದರೆ ಮೂರೇ ಜೊತೆ ಸಾಕು. ಶಿಕ್ಷಕಿಗೆ ನಾನು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಕೊಟ್ಟಾಗ, “ಹಾಗಾದರೆ ಹೊಸ ಬೀರು ಕೊಳ್ಳುವುದು ತಪ್ಪಿತು” ಎಂದರು.

ಹಿಂಡಿದ ಬಟ್ಟೆಯನ್ನು ಒಣ ಟವೆಲ್‌ನಲ್ಲಿ ಚಾಪೆಯಂತೆ ಸುತ್ತಿ, ಮೇಲೆ ಮೊಣಕಾಲೂರಿ ಒತ್ತಿ. ಅರ್ಧ ನೀರು ಅಲ್ಲೇ ಬಿಡುತ್ತದೆ. ಒಳಮೈ ಹೊರಗೆ ಮಾಡಿ, ಕಿಸೆ ಹೊರಗೆಳೆದು, ಬಟ್ಟೆ ಬಟ್ಟೆಯ ನಡುವೆ ಒಂದು ಗೇಣು ಬಿಟ್ಟು ಹಾಕಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಣಗಿಸಿದರೆ ತೇವ ಗೋಡೆಗೆ ಹೋಗಿ ಬೂಷ್ಟಾಗಿ ಮರಳುತ್ತದೆ. ಕಿಟಕಿ ಬೆರಳಿನಷ್ಟಾದರೂ ತೆರೆದು ಫ್ಯಾನ್ ಹಾಕಿ. ಬಚ್ಚಲೊಲೆ ಇರುವ ಮನೆಗಳಲ್ಲಿ ಒಲೆಯ ಮೇಲೆ ಎತ್ತರದಲ್ಲಿ ಬಿದಿರಿನ ಗಳ ಕಟ್ಟಿ ಹಾಕುತ್ತಾರೆ. ಹತ್ತಿಗೆ ಅದು ಒಳ್ಳೆಯದೇ, ಹೊಗೆಯ ವಾಸನೆ ಇಷ್ಟವಾದರೆ. ಪಾಲಿಯೆಸ್ಟರನ್ನು ಮಾತ್ರ ಬೆಂಕಿಯಿಂದ ದೂರವಿಡಿ. ಸೊಂಟಪಟ್ಟಿಯಲ್ಲಿ ಉಳಿದ ಕೊನೆಯ ತೇವಕ್ಕೆ ಇಸ್ತ್ರಿ ಇದೆ. ಇಸ್ತ್ರಿಯಾದ ಕೂಡಲೇ ಮಡಚಿ ಬೀರುವಿಗೆ ಹಾಕದೆ, ಹತ್ತು ನಿಮಿಷ ಹೊರಗೆ ಆರಲು ಬಿಡಿ.

ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಬಟ್ಟೆಗಳನ್ನು ಒತ್ತಾಗಿ ತುರುಕಬೇಡಿ, ವಾರಕ್ಕೊಮ್ಮೆ ಬಿಸಿಲಿಣುಕಿದಾಗ ಬಾಗಿಲು ತೆರೆದಿಡಿ. ಲಾವಂಚದ ಬೇರಿನ ಗಂಟು ವಾಸನೆಗೆ ಒಳ್ಳೆಯದು, ತೇವ ಹೀರಲು ಸಿಲಿಕಾ ಜೆಲ್ ಪೊಟ್ಟಣ ಬೇಕು. ಚರ್ಮದ ಬೆಲ್ಟಿಗೆ ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಬಿಳಿ ಬೂಷ್ಟು ಬರುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ, ಸುತ್ತಿಡದೆ ಉದ್ದಕ್ಕೆ ತೂಗುಹಾಕಿ. ಲಾಡಿ ಹಾಕಿಸಿಕೊಂಡವರಿಗೆ ಆ ಕೆಲಸವೂ ಇಲ್ಲ.